ಪಿ.ಜೆ. ಬಡಾವಣೆಯ ಒಂದು ಸಿಎಸ್ ಆಫೀಸು: ನಾಲ್ಕು ಸ್ಟಾರ್, ಹೆಸರು ಮಾತ್ರ ಕೇಳಬೇಡಿ

ಹೆಸರು ಹಾಕಲು ಹೊರಟಿದ್ದೆ, ಅವರೇ ಬೇಡ ಎಂದರು. ವಕೀಲರು ಜಾಹೀರಾತು ಮಾಡಿಕೊಳ್ಳಬಾರದು ಎಂದು ಬಾರ್ ಕೌನ್ಸಿಲ್‌ನ 36ನೇ ನಿಯಮ ಇದೆ, ಸಿಎಸ್ ಅಂದರೆ ಕಂಪನಿ ಕಾಯ್ದೆಯ ಕೆಲಸ ನೋಡುವ ಕಂಪನಿ ಸೆಕ್ರೆಟರಿಗಳಿಗೂ ಅದೇ ಥರದ ಕಟ್ಟುಪಾಡು. "ನೀವು ಹೊಗಳಿದರೆ ನನಗೆ ನೋಟಿಸು ಬರುತ್ತೆ ಮೇಡಂ" ಎಂದು ನಕ್ಕರು. ಹಾಗಾಗಿ ಗುರುತು ಇಷ್ಟೇ: ದಾವಣಗೆರೆ, ಪಿ.ಜೆ. ಬಡಾವಣೆ, ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ ಹತ್ತುವಾಗ ಮೊಣಕಾಲು ಹಿಡಿದುಕೊಳ್ಳಬೇಕಾದ ಮೆಟ್ಟಿಲು. ಈ ಊರಲ್ಲಿ ಅಂಥ ಕಟ್ಟಡ ಐವತ್ತಾದರೂ ಇರಬಹುದು, ಇರಲಿ ಬಿಡಿ.

ನಮ್ಮೂರಲ್ಲಿ ಕಂಪನಿಯ ಕೆಲಸ ಅಂದರೆ ಎಲ್ಲರೂ ಆಡಿಟರ್ ಹತ್ತಿರ ಹೋಗುತ್ತಾರೆ, ಜಗಳ ಅಂದರೆ ಕೋರ್ಟಿನ ವಕೀಲರ ಹತ್ತಿರ. ಕಂಪನಿಯೊಳಗಿನ ಜಗಳಕ್ಕೆ ಯಾರ ಹತ್ತಿರ ಹೋಗಬೇಕು ಅನ್ನುವುದು ನನಗೂ ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಮತ್ತು ನಲವತ್ತು ಸಾವಿರ ರೂಪಾಯಿ ಹೋಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮೆಕ್ಕೆಜೋಳದ ವ್ಯವಹಾರ. ಅಪ್ಪಾಜಿ ಮತ್ತು ದೊಡ್ಡಪ್ಪ ಎಪಿಎಂಸಿಯಲ್ಲಿ ಒಂದು ದಲ್ಲಾಲಿ ಅಂಗಡಿಯಿಂದ ಶುರು ಮಾಡಿದವರು. ಜೋಳ ಒಣಗಿಸುವ ಯಂತ್ರಕ್ಕೆ, ಕೋಳಿ ಆಹಾರದ ಘಟಕಕ್ಕೆ ಬ್ಯಾಂಕ್ ಸಾಲ ಬೇಕಾಯಿತು ಎಂದು ಅದನ್ನು ಪ್ರೈವೇಟ್ ಲಿಮಿಟೆಡ್ ಮಾಡಿದರು. ಕಾಗದದಲ್ಲಿ ಕಂಪನಿ, ನಡೆಯುವುದು ಮಾತ್ರ ಮನೆ ಥರವೇ. ಐವತ್ತು ಸಾವಿರ ಷೇರು, ಒಂದಕ್ಕೆ ನೂರು ರೂಪಾಯಿ. ಅದರಲ್ಲಿ ಅಪ್ಪಾಜಿಯ ಒಂಬತ್ತು ಸಾವಿರ, ಅಂದರೆ ನೂರಕ್ಕೆ ಹದಿನೆಂಟು. 2019ರಲ್ಲಿ ಅಪ್ಪಾಜಿ ಹೋದ ಮೇಲೆ ಅದು ನನ್ನ ಹೆಸರಿಗೆ ಬಂತು, ದೊಡ್ಡಪ್ಪನೇ ಮುಂದೆ ನಿಂತು ನನ್ನನ್ನು ಡೈರೆಕ್ಟರ್ ಮಾಡಿದರು. ಖರೀದಿ ಲೆಕ್ಕ ನಾನು ನೋಡುತ್ತಿದ್ದೆ, ತಿಂಗಳಿಗೆ ನಲವತ್ತು ಸಾವಿರ ಸಂಬಳ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇಂಥ ಕಥೆ ನಿಮ್ಮ ಮನೆಯಲ್ಲೂ ಒಂದು ಇರುತ್ತದೆ. ದೊಡ್ಡಪ್ಪನ ಆರೋಗ್ಯ ಕೆಟ್ಟಿತು, ಅಣ್ಣಂದಿರ ಕೈಗೆ ಬಂತು, ಒಂದು ಖರೀದಿ ಬಿಲ್ಲಿನ ಬಗ್ಗೆ ನಾನು ಜಾಸ್ತಿ ಕೇಳಿದೆ. ಮೊದಲು ವಾಟ್ಸಾಪ್ ಗುಂಪಿನಿಂದ ನನ್ನ ನಂಬರ್ ಹೋಯಿತು. ಆಮೇಲೆ ಸಂಬಳ ನಿಂತಿತು. ಆಮೇಲೆ ಒಂದು ದಿನ ಗೇಟಿನಲ್ಲಿ ನಮ್ಮ ಹಳೇ ವಾಚ್‌ಮನ್, ನನ್ನನ್ನು ಫ್ರಾಕ್ ಹಾಕಿಕೊಂಡಿದ್ದಾಗಿನಿಂದ ನೋಡಿದವನು, ತಲೆ ತಗ್ಗಿಸಿಕೊಂಡು "ಅಕ್ಕಾರ, ಒಳಗ ಬಿಡಬ್ಯಾಡ ಅಂದಾರ" ಎಂದ. ಎರಡು ವರ್ಷ ಹಾಗೇ ಸುಮ್ನೆ ಇದ್ದೆ. ಅದು ನನ್ನ ತಪ್ಪು, ಸಿಎಸ್ ಕೂಡ ಮೊದಲ ಭೇಟಿಯಲ್ಲಿ ಅದಕ್ಕೇ ಬೈದರು.

ಎಚ್ಚರವಾಗಿದ್ದು ಬ್ಯಾಂಕಿನಿಂದ ಫೋನ್ ಬಂದಾಗ. ಸಾಲದ ಮಿತಿ ನವೀಕರಿಸಬೇಕು, ಜಾಮೀನುದಾರರು ಬಂದು ಸಹಿ ಹಾಕಿ ಎಂದರು. ಹೋಗಿ ನೋಡಿದರೆ ಡೈರೆಕ್ಟರ್ ಪಟ್ಟಿಯಲ್ಲಿ ನಾನಿಲ್ಲ, ಷೇರುದಾರರ ಪಟ್ಟಿಯಲ್ಲಿ ನನ್ನದು ಹದಿನೆಂಟಲ್ಲ, ಒಂಬತ್ತು. ಜಾಮೀನಿನ ಪತ್ರದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹಾಗೇ ಇದ್ದೇನೆ! ಮನೆಯಿಂದ ಹೊರಗೆ ಹಾಕಿ ಸಾಲದ ಬಾಗಿಲಲ್ಲಿ ಕೂರಿಸಿದ ಹಾಗೆ.

ಮೊದಲು ಹೋಗಿದ್ದು ಪರಿಚಯದ ಸಿವಿಲ್ ವಕೀಲರ ಹತ್ತಿರ. ಇಲ್ಲೇ ದಾವಣಗೆರೆ ಕೋರ್ಟಿನಲ್ಲಿ ದಾವೆ ಹಾಕಿ ಇಂಜಂಕ್ಷನ್ (ತಡೆಯಾಜ್ಞೆ) ತರೋಣ ಎಂದು ಅಡ್ವಾನ್ಸ್ ತೆಗೆದುಕೊಂಡರು. ಕಂಪನಿ ಕಾಯ್ದೆಯ 430ನೇ ಸೆಕ್ಷನ್ ಪ್ರಕಾರ ರಾಷ್ಟ್ರೀಯ ಕಂಪನಿ ಕಾನೂನು ಟ್ರಿಬ್ಯುನಲ್ (ಎನ್‌ಸಿಎಲ್‌ಟಿ) ತೀರ್ಮಾನಿಸಬೇಕಾದ ವಿಷಯವನ್ನು ಸಿವಿಲ್ ಕೋರ್ಟ್ ಮುಟ್ಟುವ ಹಾಗೇ ಇಲ್ಲ, ಇಂಜಂಕ್ಷನ್ ಕೊಡುವ ಹಾಗೂ ಇಲ್ಲ ಎಂದು ಆಮೇಲೆ ತಿಳಿಯಿತು. ಅಡ್ವಾನ್ಸ್ ವಾಪಸ್ ಕೇಳಲು ಸಂಕೋಚವಾಗಿ ಬಿಟ್ಟೆ. ಎರಡನೆಯವರು ಒಬ್ಬ ಆಡಿಟರ್. "ಅಮ್ಮಾ, ನೂರಕ್ಕೆ ಹತ್ತಕ್ಕಿಂತ ಕಡಿಮೆ ಆಗಿಬಿಟ್ಟಿದೆ, ನಿಮಗೆ ಕೇಸ್ ಹಾಕುವ ಹಕ್ಕೇ ಇಲ್ಲ, ಹಿರಿಯರನ್ನು ಕೂರಿಸಿ ರಾಜಿ ಮಾಡಿಕೊಳ್ಳಿ" ಎಂದರು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಮೂರನೆಯವರೇ ಈ ಸಿಎಸ್. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಒಟ್ಟು ಷೇರುದಾರರು ಎಷ್ಟು ಜನ?" ಬೆರಳು ಮಡಚಿ ಎಣಿಸಿದೆ: ದೊಡ್ಡಪ್ಪ, ದೊಡ್ಡಮ್ಮ, ಇಬ್ಬರು ಅಣ್ಣಂದಿರು, ಸೋದರಮಾವ, ಹತ್ತು ಷೇರು ಇಟ್ಟುಕೊಂಡಿರುವ ನಮ್ಮ ಅಮ್ಮ, ನಾನು. ಏಳು. ಅವರು ನಕ್ಕರು. ಕಂಪನಿಯೊಳಗಿನ ದಬ್ಬಾಳಿಕೆಯ ವಿರುದ್ಧ ಟ್ರಿಬ್ಯುನಲ್‌ಗೆ ಯಾರು ಹೋಗಬಹುದು ಎಂದು ಹೇಳುವ 244ನೇ ಸೆಕ್ಷನ್‌ನಲ್ಲಿ ಬಾಗಿಲು ಒಂದಲ್ಲವಂತೆ. ಷೇರು ಬಂಡವಾಳದ ಹತ್ತನೇ ಒಂದು ಭಾಗ ಇರಬೇಕು, ಅಥವಾ ಒಟ್ಟು ಸದಸ್ಯರ ತಲೆಯೆಣಿಕೆಯಲ್ಲಿ ಹತ್ತನೇ ಒಂದು ಭಾಗ ಇರಬೇಕು, ಇಲ್ಲವೇ ನೂರು ಜನ, ತಲೆಯೆಣಿಕೆಯಲ್ಲಿ ಯಾವುದು ಕಡಿಮೆಯೋ ಅದು. ಏಳು ಜನರಲ್ಲಿ ಹತ್ತನೇ ಒಂದು ಎಂದರೆ ಮುಕ್ಕಾಲು ಮನುಷ್ಯನೂ ಅಲ್ಲ. ಅಂದರೆ ಹತ್ತು ಷೇರಿನ ನಮ್ಮ ಅಮ್ಮ ಒಬ್ಬರೇ ಹೋಗಿ ಅರ್ಜಿ ಹಾಕಬಹುದಿತ್ತು! ಸಣ್ಣ ಮನೆ-ಕಂಪನಿಗಳಲ್ಲಿ ಪಾಲು ಕರಗಿಸಿದ ಮಾತ್ರಕ್ಕೆ ಯಾರ ಬಾಯಿಯೂ ಮುಚ್ಚುವುದಿಲ್ಲ. ಇನ್ನೊಂದು ಮಾತು, ನನ್ನನ್ನು ಒಂಬತ್ತಕ್ಕೆ ಇಳಿಸಿದ ಹೊಸ ಷೇರು ಹಂಚಿಕೆಯೇ ತಪ್ಪು ಎಂದು ನಾವು ಹೇಳುತ್ತಿರುವಾಗ, ಅದೇ ಒಂಬತ್ತನ್ನು ತೋರಿಸಿ ನನ್ನನ್ನು ಬಾಗಿಲಲ್ಲಿ ತಡೆಯುವುದು ಹೇಗೆ ಎಂದೂ ವಾದಿಸಬಹುದಂತೆ. ಅದೂ ಬೇಡವೆಂದರೆ ಟ್ರಿಬ್ಯುನಲ್ ಈ ಷರತ್ತನ್ನೇ ಸಡಿಲಿಸಬಹುದು.

ನನಗೆ ಆ ಹತ್ತು ನಿಮಿಷಕ್ಕೇ ಫೀಸು ವಸೂಲಾಯಿತು.

ಮಾರನೇ ದಿನ ಬೆಳಗ್ಗೆ ಹೋದೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಒಂದು ಕಂಪನಿಗೆ ನೂರು ರೂಪಾಯಿ ಕಟ್ಟಿದರೆ ಅದು ಸಲ್ಲಿಸಿದ ಸಾರ್ವಜನಿಕ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ಇದು ಗೊತ್ತಿಲ್ಲದೆ ನಾನು ಎರಡು ವರ್ಷ ಅಣ್ಣಂದಿರಿಗೆ ಮೆಸೇಜ್ ಮಾಡಿ ಕಾಗದ ಕೇಳುತ್ತಾ ಕೂತಿದ್ದೆ. ನಾನು ಕೆಳಗೆ ಬೆಣ್ಣೆ ದೋಸೆ ತಿಂದು ಬರುವಷ್ಟರಲ್ಲಿ ಅವರ ಹುಡುಗ ಎಲ್ಲ ಇಳಿಸಿಟ್ಟಿದ್ದ. ಡೈರೆಕ್ಟರ್ ಬದಲಾವಣೆಯ ಡಿಐಆರ್-12, ಹೊಸ ಷೇರು ಹಂಚಿಕೆಯ ಪಿಎಎಸ್-3, ವಾರ್ಷಿಕ ವಿವರದ ಎಂಜಿಟಿ-7ಎ, ಲೆಕ್ಕಪತ್ರದ ಎಒಸಿ-4. ಸಿಎಸ್ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂದುಗಡೆ ಒಂದು ಗೆರೆ ಎಳೆದು, ತಾರೀಖು ತಾರೀಖು ಬರೆದುಕೊಳ್ಳುತ್ತಾ ಹೋದರು. ಆ ಹಾಳೆಯ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ಎರಡು ವರ್ಷ ನನ್ನ ತಲೆಯಲ್ಲಿ ಬರೀ ಸಿಟ್ಟಾಗಿ ತಿರುಗುತ್ತಿದ್ದದ್ದು ಅಲ್ಲಿ ಒಂದು ಸಾಲಾಗಿ ನಿಂತಿತ್ತು.

ನನ್ನನ್ನು ತೆಗೆದದ್ದು ಹೇಗೆ ಗೊತ್ತಾ? ತೆಗೆದೇ ಇಲ್ಲ. ಡೈರೆಕ್ಟರನ್ನು ತೆಗೆಯಬೇಕೆಂದರೆ 169ನೇ ಸೆಕ್ಷನ್ ಪ್ರಕಾರ ವಿಶೇಷ ನೋಟಿಸು ಕೊಡಬೇಕು, ಷೇರುದಾರರ ಸಭೆ ಕರೆಯಬೇಕು, ನನ್ನ ಮಾತು ಕೇಳಬೇಕು. ಅಷ್ಟು ರಗಳೆ ಯಾರಿಗೆ ಬೇಕು? 167ನೇ ಸೆಕ್ಷನ್‌ನಲ್ಲಿ ಒಂದು ಸಾಲು ಇದೆ. ಹನ್ನೆರಡು ತಿಂಗಳಲ್ಲಿ ನಡೆದ ಎಲ್ಲ ಬೋರ್ಡ್ ಮೀಟಿಂಗ್‌ಗಳಿಗೆ ಗೈರುಹಾಜರಾದರೆ ಜಾಗ ತಾನಾಗೇ ಖಾಲಿ. ನಾನೇ ಬರಲಿಲ್ಲ ಎಂದು ಬರೆದು ಡಿಐಆರ್-12 ಹಾಕಿದ್ದಾರೆ. ಸಾಮಾನ್ಯ ಕಂಪನಿಗೆ ವರ್ಷಕ್ಕೆ ನಾಲ್ಕು ಬೋರ್ಡ್ ಮೀಟಿಂಗ್ ಬೇಕು, ನಮ್ಮಂಥ 'ಸಣ್ಣ ಕಂಪನಿ'ಗೆ ಅರ್ಧ ವರ್ಷಕ್ಕೊಂದು, ಒಟ್ಟು ಎರಡೇ ಸಾಕು. ಎರಡು ಮೀಟಿಂಗಿನ ಸುದ್ದಿ ನಿಮಗೆ ತಿಳಿಯದ ಹಾಗೆ ನೋಡಿಕೊಂಡರೆ ಕೆಲಸ ಮುಗಿಯಿತು.

ಬೋರ್ಡ್ ಮೀಟಿಂಗ್‌ಗೆ ಕನಿಷ್ಠ ಏಳು ದಿನ ಮುಂಚೆ ಲಿಖಿತ ನೋಟಿಸು ಕೊಡಬೇಕು, ಕೈಯಲ್ಲಾಗಲಿ, ಅಂಚೆಯಲ್ಲಾಗಲಿ, ಇಮೇಲ್‌ನಲ್ಲಾಗಲಿ, ಕಂಪನಿಯಲ್ಲಿ ದಾಖಲಾದ ವಿಳಾಸಕ್ಕೆ. ದಾಖಲಾದ ನನ್ನ ವಿಳಾಸ ಯಾವುದು? ನಾವು ಬಿಟ್ಟು ಬಂದ ಚೌಕಿಪೇಟೆಯ ಹಳೇ ಮನೆ. ಬದಲಾಯಿಸಿ ಎಂದು ನಾನು ಯಾವತ್ತೂ ಬರೆದು ಕೊಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿದೆಯಲ್ಲ ಎಂದುಕೊಂಡಿದ್ದೆ. ಹೊಸ ಮನೆಯ ಗೃಹಪ್ರವೇಶದಲ್ಲಿ ಅಣ್ಣಂದಿರೇ ಬಡಿಸಿದ್ದರು! "ಬಡಿಸಿದ್ದು ದಾಖಲೆ ಅಲ್ಲ ಮೇಡಂ" ಎಂದರು ಸಿಎಸ್. ಒಳ್ಳೆ ಕೆಲಸ ಒಂದು ಆಗಿತ್ತು, ಡೈರೆಕ್ಟರ್ ಕೆವೈಸಿಯಲ್ಲಿ ನನ್ನ ಇಮೇಲ್ ಸರಿಯಾಗಿತ್ತು. ಆ ಇಮೇಲ್‌ಗೆ ಒಂದೂ ನೋಟಿಸು ಬಂದಿಲ್ಲ.

ಒಂದು ಬೋರ್ಡ್ ಮೀಟಿಂಗ್ ನಡೆದಿದೆ ಎಂದು ಬರೆದ ದಿನ ಇಡೀ ಮನೆ ಹುಬ್ಬಳ್ಳಿಯಲ್ಲಿ ಒಂದು ಮದುವೆಯಲ್ಲಿತ್ತು. ದೊಡ್ಡಪ್ಪ ಅಕ್ಷತೆ ಹಾಕುತ್ತಿರುವ ಫೋಟೋ ನನ್ನ ಹತ್ತಿರ ಇದೆ. ನನಗೆ ಕುಣಿಯುವಷ್ಟು ಖುಷಿ. ಸಿಎಸ್ ಮಾತ್ರ ತಣ್ಣಗೆ "ಇಡಿ, ಆದರೆ ಇದರ ಮೇಲೆ ಮನೆ ಕಟ್ಟಬೇಡಿ, ವಿಡಿಯೋ ಮೀಟಿಂಗ್ ಅಂತಾರೆ" ಎಂದರು. ನಿಜ ಹೇಳಬೇಕೆಂದರೆ ನನಗೆ ಅವರ ಮೇಲೆ ನಂಬಿಕೆ ಬಂದಿದ್ದೇ ಅಲ್ಲಿ.

ಗಟ್ಟಿ ವಿಷಯ ಎಂದು ಅವರು ಹಿಡಿದುಕೊಂಡದ್ದು ಷೇರು ಹಂಚಿಕೆ. ಹೊಸದಾಗಿ ಐವತ್ತು ಸಾವಿರ ಷೇರು, ಅದೇ ನೂರು ರೂಪಾಯಿಗೆ, ಎಲ್ಲವೂ ದೊಡ್ಡಪ್ಪನ ಕಡೆಗೆ. 62ನೇ ಸೆಕ್ಷನ್ ಪ್ರಕಾರ ಹೊಸ ಷೇರನ್ನು ಇದ್ದ ಷೇರುದಾರರಿಗೆಲ್ಲ ಅವರವರ ಪಾಲಿನ ಲೆಕ್ಕದಲ್ಲಿ ಮೊದಲು ಕೊಡಬೇಕು, ಆ ಪತ್ರ ರಿಜಿಸ್ಟರ್ಡ್ ಪೋಸ್ಟ್, ಸ್ಪೀಡ್ ಪೋಸ್ಟ್, ಇಮೇಲ್ ಅಥವಾ ತಲುಪಿದ ರಸೀದಿ ಇರುವ ಕೊರಿಯರ್‌ನಲ್ಲಿ, ಕೊಡುಗೆ ತೆರೆಯುವ ಮೂರು ದಿನ ಮುಂಚೆಯಾದರೂ ಹೋಗಬೇಕು. ನನಗೂ ಬಂದಿಲ್ಲ, ಅಮ್ಮನಿಗೂ ಬಂದಿಲ್ಲ. ಅಮ್ಮನ ವಿಳಾಸ ಸರಿಯಾಗೇ ಇತ್ತು, ಅಲ್ಲಿ ಸಿಕ್ಕಿಬಿದ್ದರು. ಕೈಯಲ್ಲಿ ಅಧಿಕಾರ ಇರುವವರು ತಮಗೇ ಷೇರು ಹಂಚಿಕೊಂಡು ಕಂಪನಿಯ ಹಿಡಿತ ಬದಲಾಯಿಸುವುದನ್ನು ಡೇಲ್ ಅಂಡ್ ಕ್ಯಾರಿಂಗ್ಟನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಒಪ್ಪಿಲ್ಲ. ಡೈರೆಕ್ಟರ್ ಎಂದರೆ ಕಂಪನಿಯ ಒಳಿತಿಗೆ ಷೇರು ಕೊಡಬೇಕು, ತನ್ನ ಬಲ ಹೆಚ್ಚಿಸಿಕೊಳ್ಳಲು ಅಲ್ಲ ಎಂಬುದು ಅದರ ತಿರುಳು.

ಇನ್ನು ಕಹಿ ಭಾಗ. ನನಗೆ ಬೇಕಿದ್ದದ್ದು ಕುರ್ಚಿ. ಅಪ್ಪಾಜಿ ಕೂತ ಕುರ್ಚಿ, ಅದೇ ಕೋಣೆ. ಬೇರೆ ಯಾರಾದರೂ ಆಗಿದ್ದರೆ "ತಂದುಕೊಡೋಣ ಬನ್ನಿ" ಎಂದು ಇನ್ನಷ್ಟು ಅಡ್ವಾನ್ಸ್ ತೆಗೆದುಕೊಳ್ಳುತ್ತಿದ್ದರೇನೋ. ಇವರು ಟಾಟಾ ಕಥೆ ಹೇಳಿದರು. 2016ರ ಅಕ್ಟೋಬರ್ 24ಕ್ಕೆ ಸೈರಸ್ ಮಿಸ್ತ್ರಿ ಅವರನ್ನು ಟಾಟಾ ಸನ್ಸ್ ಅಧ್ಯಕ್ಷ ಸ್ಥಾನದಿಂದ ಇಳಿಸಿದ್ದು, ಮುಂಬೈ ಟ್ರಿಬ್ಯುನಲ್‌ನಲ್ಲಿ ಅವರ ಕಡೆಯವರು ಸೋತದ್ದು, 2019ರ ಡಿಸೆಂಬರ್‌ನಲ್ಲಿ ಮೇಲ್ಮನವಿಯಲ್ಲಿ ಗೆದ್ದದ್ದು, 2021ರ ಮಾರ್ಚ್ 26ರಂದು ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಸೋತದ್ದು. ಹುದ್ದೆಯಿಂದ ತೆಗೆದದ್ದು ಒಂದೇ ಕಾರಣಕ್ಕೆ ಅದು ದಬ್ಬಾಳಿಕೆ ಆಗುವುದಿಲ್ಲ ಎಂದು ಕೋರ್ಟ್ ಹೇಳಿತು. "ಅವರ ಕುಟುಂಬದ್ದು 18.37, ನಿಮ್ಮದು ಹದಿನೆಂಟು. ಅವರಿಗೇ ಆಗಲಿಲ್ಲ" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನನ್ನ ಮುಖ ನೋಡಿ ಇನ್ನೊಂದು ಕಥೆ ಹೇಳಿದರು, ಲಂಡನ್ನಿನದು. ಇಬ್ರಾಹಿಮಿ, ನಜರ್ ಎಂದು ಇಬ್ಬರು ಪರ್ಷಿಯನ್ ರತ್ನಗಂಬಳಿ ವ್ಯಾಪಾರಿಗಳು. ಪಾಲುದಾರಿಕೆ ಇತ್ತು, 1958ರಲ್ಲಿ ಅದನ್ನು ಕಂಪನಿ ಮಾಡಿದರು. ಇಬ್ಬರಿಗೂ ಐನೂರು ಷೇರು. ನಜರ್ ಮಗ ದೊಡ್ಡವನಾದಾಗ ಇಬ್ಬರೂ ನೂರು ನೂರು ಅವನಿಗೆ ಕೊಟ್ಟರು. ಅಲ್ಲಿಗೆ ಅಪ್ಪ ಮಗನದು ಆರುನೂರು, ಇಬ್ರಾಹಿಮಿಯದು ನಾನೂರು. 1969ರಲ್ಲಿ ಇವನನ್ನು ಡೈರೆಕ್ಟರ್ ಸ್ಥಾನದಿಂದ ತೆಗೆದರು. ಆ ಕಂಪನಿ ಡಿವಿಡೆಂಡ್ (ಷೇರಿಗೆ ಕೊಡುವ ಲಾಭದ ಪಾಲು) ಕೊಡುತ್ತಲೇ ಇರಲಿಲ್ಲ, ಲಾಭವೆಲ್ಲ ಡೈರೆಕ್ಟರ್ ಸಂಬಳವಾಗಿ ಹೋಗುತ್ತಿತ್ತು. ಹಾಗಾಗಿ ಕುರ್ಚಿ ಹೋದರೆ ಊಟವೇ ಹೋದಂತೆ. 1972ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್, ಇದು ಹೆಸರಿಗೆ ಕಂಪನಿ, ಒಳಗೆ ನಂಬಿಕೆಯ ಪಾಲುದಾರಿಕೆ, ನಂಬಿಕೆ ಮುರಿದ ಮೇಲೆ ಕಂಪನಿ ಮುಚ್ಚಿ ಎಂದಿತು. ನಮ್ಮಲ್ಲೂ ಒಂದು ಪೈಸೆ ಡಿವಿಡೆಂಡ್ ಬಂದಿರಲಿಲ್ಲ. ಟಾಟಾ ಸನ್ಸ್ ಅಂಥ ಪಾಲುದಾರಿಕೆಯಂಥ ಕಂಪನಿ ಅಲ್ಲ ಎಂದು ಕೋರ್ಟ್ ಹೇಳಿದೆ, ನಮ್ಮ ಜೋಳದ ಕಂಪನಿ ಮಾತ್ರ ಅದೇ ಎಂದು ವಾದಿಸಬಹುದಂತೆ. ಇಲ್ಲಿನ 242ನೇ ಸೆಕ್ಷನ್‌ನಲ್ಲಿ ಮುಚ್ಚಲೇಬೇಕು ಎಂದಿಲ್ಲ. ಮುಚ್ಚುವಷ್ಟು ಕಾರಣ ಇದೆ, ಆದರೆ ಮುಚ್ಚಿದರೆ ನೊಂದವರಿಗೇ ನಷ್ಟ ಎಂದಾದರೆ, ಒಬ್ಬರ ಷೇರನ್ನು ಇನ್ನೊಬ್ಬರು ಸರಿಯಾದ ಬೆಲೆಗೆ ಕೊಳ್ಳಿ ಎಂದು ಟ್ರಿಬ್ಯುನಲ್ ಆದೇಶಿಸಬಹುದು.

"ಕುರ್ಚಿ ಕೇಳೋಣ, ಆದರೆ ಬೆಲೆಗೆ ಕಣ್ಣಿಡೋಣ" ಎಂದರು. ಈ ಮಾತು ಒಪ್ಪಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಅಮ್ಮ ಒಂದೇ ನಿಮಿಷದಲ್ಲಿ ಒಪ್ಪಿದರು. "ಆ ಕೋಣೇಲಿ ಕೂತು ಏನ್ ಮಾಡ್ತೀ, ಅವರ ಮುಖ ನೋಡ್ತೀಯಾ?"

ಜಾಮೀನಿನ ವಿಷಯ ನಾನು ಮರೆತೇಬಿಟ್ಟಿದ್ದೆ, ಅವರು ಮರೆತಿರಲಿಲ್ಲ. ಅವತ್ತೇ ಬ್ಯಾಂಕಿಗೆ ಒಂದು ಪತ್ರ ಬರೆಸಿದರು. ಕರಾರು ಕಾಯ್ದೆಯ 130ನೇ ಸೆಕ್ಷನ್ ಪ್ರಕಾರ ಮುಂದುವರಿಯುವ ಜಾಮೀನನ್ನು ಇನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ನೋಟಿಸು ಕೊಟ್ಟು ಹಿಂತೆಗೆದುಕೊಳ್ಳಬಹುದು. ಹಳೇ ಸಾಲದ ಹೊಣೆ ಹೋಗುವುದಿಲ್ಲ, ಜಾಮೀನು ಪತ್ರದಲ್ಲಿ ಬ್ಯಾಂಕಿನವರು ಏನೇನು ಬರೆಸಿಕೊಂಡಿದ್ದಾರೆ ಅನ್ನುವುದೂ ನೋಡಬೇಕು. ಆದರೂ ಆ ಒಂದು ಪುಟದ ಪತ್ರ ಹೋದ ಮೇಲೆಯೇ ಅಣ್ಣನಿಂದ ಎರಡು ವರ್ಷದಲ್ಲಿ ಮೊದಲ ಫೋನ್ ಬಂದದ್ದು. "ಏನವ್ವಾ, ಬ್ಯಾಂಕಿಗೆ ಯಾಕ ಹೋದಿ?" ಟ್ರಿಬ್ಯುನಲ್ ನೋಟಿಸಿಗೂ ಅವನಿಗೆ ಅಷ್ಟು ಬಿಸಿ ಮುಟ್ಟಲಿಲ್ಲ.

ಅರ್ಜಿ ಬೆಂಗಳೂರಿನ ಎನ್‌ಸಿಎಲ್‌ಟಿ ಪೀಠದಲ್ಲಿ. ಸಿಎಸ್‌ಗಳೂ ಅಲ್ಲಿ ಹಾಜರಾಗಬಹುದು, 432ನೇ ಸೆಕ್ಷನ್‌ನಲ್ಲಿ ಅವಕಾಶವಿದೆ, ಇವರು ಮಾತ್ರ ವಾದಕ್ಕೆ ಬೆಂಗಳೂರಿನ ವಕೀಲರೊಬ್ಬರನ್ನು ಜೊತೆಗೆ ಹಾಕಿಕೊಂಡರು. ಷೇರು ಪಾಲು ಇದ್ದ ಹಾಗೇ ಇರಲಿ, ಜಾಗ ಮತ್ತು ಯಂತ್ರ ಮಾರಬೇಡಿ ಎಂದು ಮಧ್ಯಂತರ ಆದೇಶ ಸಿಕ್ಕಿದೆ. ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ. ಎದುರು ಕಡೆಯವರು ವಾಯಿದೆ ಕೇಳಿ ಕೇಳಿ ನಮ್ಮದು ಈಗ ಹದಿನಾಲ್ಕನೇ ತಿಂಗಳು. ಸದ್ಯ ರಾಜಿ ಮಾತು ನಡೆಯುತ್ತಿದೆ. ನೋಂದಾಯಿತ ಮೌಲ್ಯಮಾಪಕರು ಲೆಕ್ಕ ಹಾಕುತ್ತಿದ್ದಾರೆ. ಅಲ್ಪ ಪಾಲು ತಾನೇ, ಬೆಲೆಯಲ್ಲಿ ಕಾಲು ಭಾಗ ಕಡಿಮೆ ಮಾಡಿ ಎಂದು ಅಣ್ಣಂದಿರು. ಅಲ್ಪ ಮಾಡಿದವರೇ ನೀವು ಎಂದು ನಾವು.

ಈಗ ಒಂದು ಸ್ಟಾರ್ ಯಾಕೆ ಕಡಿಮೆ. ಫೋನ್ ಎತ್ತುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಕೊನೆವರೆಗೆ ಎಲ್ಲ ಕಂಪನಿಗಳ ವಾರ್ಷಿಕ ಸಭೆ, ಎಒಸಿ-4, ಎಂಜಿಟಿ-7 ಗಲಾಟೆ, ಆಗ ಮನುಷ್ಯ ಕಾಣೆ. ಹೋದ ಅಕ್ಟೋಬರ್‌ನಲ್ಲಿ ಎದುರು ಕಡೆಯ ಉತ್ತರ ನನ್ನ ಕೈಗೆ ಬಂದದ್ದು ಮೂರು ವಾರ ತಡವಾಗಿ. ಕಳಿಸುವ ಕಾಗದವೆಲ್ಲ ಇಂಗ್ಲಿಷಿನಲ್ಲಿ. ಅಮ್ಮ ಸಹಿ ಹಾಕಬೇಕಿದ್ದ ಅಫಿಡವಿಟ್ಟನ್ನು ಕನ್ನಡದಲ್ಲಿ ಓದಿ ಹೇಳಿ ಎಂದು ನಾನು ಹಟ ಹಿಡಿಯಬೇಕಾಯಿತು. ಹೇಳಿದರು, ಚೆನ್ನಾಗೇ ಹೇಳಿದರು, ಆದರೆ ನಾನು ಕೇಳುವ ತನಕ ಕಾಯಬಾರದಿತ್ತು. ಲಿಫ್ಟ್ ಇಲ್ಲ, ಅಮ್ಮನನ್ನು ಮೆಟ್ಟಿಲು ಹತ್ತಿಸಲು ಆಗದೆ ಜೆರಾಕ್ಸ್ ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ಸಹಿ ಹಾಕಿಸಿದ್ದು. ಜೆರಾಕ್ಸ್ ಖರ್ಚು ಬೇರೆ, ಆರುನೂರು ಪುಟದ ಅರ್ಜಿಗೆ ಎಷ್ಟು ಪ್ರತಿ ಎಂದು ಮೊದಲೇ ಹೇಳಿರಲಿಲ್ಲ.

ಫೀಸು: ದಾಖಲೆ ನೋಡಿ ಬರೆದುಕೊಟ್ಟ ವರದಿಗೆ ಏಳೂವರೆ ಸಾವಿರ. ಅರ್ಜಿ ತಯಾರಿಗೆ ಒಂದು ಲಕ್ಷ ಅರವತ್ತು ಸಾವಿರ, ಎರಡು ಕಂತು. ಬೆಂಗಳೂರು ವಕೀಲರದು ಬೇರೆ, ಪ್ರತಿ ಹಾಜರಿಗೆ ಲೆಕ್ಕ. ಎಲ್ಲದಕ್ಕೂ ಬಿಲ್ ಕೊಟ್ಟಿದ್ದಾರೆ. ಕೇಸ್ ಹಾಕುವ ಮನಸ್ಸಿಲ್ಲದಿದ್ದರೂ ಆ ಏಳೂವರೆ ಸಾವಿರದ ವರದಿ ಮಾಡಿಸಿಕೊಳ್ಳಿ ಎಂದು ನಮ್ಮ ಓಣಿಯ ಇಬ್ಬರಿಗೆ ಈಗಾಗಲೇ ಹೇಳಿದ್ದೇನೆ. ಅವರಲ್ಲಿ ಒಬ್ಬರ ಡಿಜಿಟಲ್ ಸಹಿಯ ಪೆನ್‌ಡ್ರೈವ್ ಇನ್ನೂ ಕಂಪನಿ ಆಡಿಟರ್ ಡ್ರಾಯರಿನಲ್ಲೇ ಇದೆಯಂತೆ, ನನ್ನದೂ ಮೂರು ವರ್ಷ ಅಲ್ಲೇ ಇತ್ತು.

ಹೋಗುವವರು ಬೆಳಗ್ಗೆ ಹನ್ನೊಂದರ ಒಳಗೆ ಹೋಗಿ, ಆಮೇಲೆ ಹೋದರೆ ಗಾಡಿ ನಿಲ್ಲಿಸಲು ಜಾಗ ಸಿಗಲ್ಲ. ಮೂಲ ಷೇರು ಸರ್ಟಿಫಿಕೇಟು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಮೊದಲು ಕೇಳುವುದು ಅದನ್ನೇ. ನಮ್ಮದು ಅಪ್ಪಾಜಿಯ ಟ್ರಂಕಿನಲ್ಲಿ, ಎಪಿಎಂಸಿಯ ಹಳೇ ಚೀಟಿಗಳ ಕೆಳಗೆ ಸಿಕ್ಕಿತು.